ಇಪ್ಪತ್ತಕ್ಕೆ ಹತ್ತೊಂಬತ್ತು

ಹೂವು ಹಿಡಿದು ಅಂತಿಮ ದರ್ಶನದ ಸಾಲಿನಲ್ಲಿ ನಿಂತಿದ್ದ ಸಿಸ್ಟರ್ ಮುಂದಿನ ತಲೆಗಳನ್ನು ಎಣಿಸುತ್ತಿದ್ದಳು. ಅರವತ್ತು ದಾಟಿತು. ವೃದ್ಧಾಶ್ರಮದಿಂದ ಎರಡು ವ್ಯಾನ್ ತುಂಬ ಬಂದಿದ್ದರು. ಗಾಲಿಕುರ್ಚಿಯವರು, ಊರುಗೋಲಿನವರು, ಹೆಂಡತಿಯ ಹೆಸರೇ ಮರೆತವರು ಕೂಡ. ಎದೆನೋವಿನಿಂದ ಸತ್ತ ಒಬ್ಬ ಆಯಾಗೆ ಇಷ್ಟೊಂದು ಜನವೇ? ನಾನು ಸತ್ತರೆ ಅರ್ಧ ವ್ಯಾನಾದರೂ ತುಂಬೀತೇ? ಹೆಣದ ಮೇಲೆ ಹೊಟ್ಟೆಕಿಚ್ಚು ಪಡುವುದು ನಾಚಿಕೆಗೇಡು. ಗೊತ್ತಿದ್ದೂ ಪಡುತ್ತಿದ್ದಳು.

“ಸಕ್ಕರೆಯಕ್ಕ ಇಲ್ದೆ ನನಗೆ ಬೆಳಗಾಗೋದು ಹೇಗಪ್ಪಾ?” ಎಂದು ಆಶ್ರಮವಾಸಿ ಮೇಷ್ಟ್ರು ಗೋಳಾಡಿದರು.

“ನಾವೆಲ್ಲ ಇದೀವಲ್ಲ ಮೇಷ್ಟ್ರೇ,” ಎಂದಳು ಸಿಸ್ಟರ್.

“ನೀವಿದೀರಿ, ಸೂಜಿ ಚುಚ್ಚೋಕೆ.”

ಅಳುತ್ತಿದ್ದವರೂ ನಕ್ಕರು. ಸಿಸ್ಟರ್ ನಗಲಿಲ್ಲ. ಜೇಬಿನಲ್ಲಿ ಸದಾ ಸಕ್ಕರೆ ಪೊಟ್ಟಣ ಇಟ್ಟುಕೊಳ್ಳುತ್ತಿದ್ದ ಆಯಾಗೆ ಮುದುಕರು ಪ್ರೀತಿಯಿಂದ ಇಟ್ಟ ಹೆಸರದು. ಇಪ್ಪತ್ತು ವರ್ಷ ದುಡಿದರೂ ಸಿಸ್ಟರಿಗೆ ಯಾರೂ ಒಂದು ಅಡ್ಡಹೆಸರು ಇಟ್ಟಿರಲಿಲ್ಲ. ಅವಳ ಕೈಚೀಲದಲ್ಲಿ ಮಡಚಿದ ಕಾಗದವೊಂದಿತ್ತು. ಸತ್ತವಳ ಮಗಳಿಗೆ ಕೊಟ್ಟುಬಿಡೋಣವೆಂದು ತಂದಿದ್ದಳು. ಈ ಜನಸಂದಣಿ ನೋಡಿದ ಮೇಲೆ ಕೊಡಲು ಕೈ ಬರಲಿಲ್ಲ.

* * *

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಮೇಷ್ಟ್ರು ಕುರ್ಚಿಯಲ್ಲಿ ಕುಳಿತು ತೊದಲುತ್ತಿದ್ದರು.

“ನಿದ್ದೆಮಂಪರು. ಮಲಗಿಸು,” ಎಂದಳು ಸಿಸ್ಟರ್.

ಆಯಾ ಅವರ ಕುತ್ತಿಗೆ ಮುಟ್ಟಿ ನೋಡಿದಳು. “ತಣ್ಣನೆ ಬೆವರು ಸಿಸ್ಟರ್. ಸಕ್ಕರೆ ಇಳಿದಿದೆ.”

ನುಂಗುತ್ತಾರೆಂದು ಖಾತ್ರಿ ಮಾಡಿಕೊಂಡು ಸಕ್ಕರೆ ನೀರು ಕುಡಿಸಿದಳು. ಕಾಲು ಗಂಟೆಯಲ್ಲಿ ಮೇಷ್ಟ್ರು ಕನ್ನಡಕ ಹುಡುಕತೊಡಗಿದರು.

ಅದಾಗಿ ವಾರಕ್ಕೇ ನರ್ಸಿಂಗ್ ಕಾಲೇಜಿನವರು ಬಂದು ಸಿಬ್ಬಂದಿಗೆಲ್ಲ ಸಕ್ಕರೆ ಕಾಯಿಲೆಯ ಬಗ್ಗೆ ಇಪ್ಪತ್ತು ಪ್ರಶ್ನೆ ಕೊಟ್ಟು ಬರೆಸಿದರು. ತಿದ್ದಿದ ಪತ್ರಿಕೆಗಳನ್ನು ಸಿಸ್ಟರಿಗೆ ಕಳಿಸಿ, ತರಬೇತಿಗೆ ಒಬ್ಬರನ್ನು ಆರಿಸಿ ಎಂದರು. ಸಿಸ್ಟರಿಗೆ ಹದಿಮೂರು. ಆಯಾಗೆ ಹತ್ತೊಂಬತ್ತು. ಸಿಸ್ಟರ್ ಮೈಯೆಲ್ಲ ಉರಿಯಿತು. ತನ್ನ ಪತ್ರಿಕೆಯನ್ನು ಓದದೆಯೇ ಹರಿದಳು; ಆಯಾಳದನ್ನು ತಿರುವಿಯೂ ನೋಡದೆ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ‘ಅರ್ಹರು ಯಾರೂ ಇಲ್ಲ’ ಎಂದು ಬರೆದು ಕಳಿಸಿದಳು.

“ನಂದೆಷ್ಟು ಬಂತು ಸಿಸ್ಟರ್?”

“ಆಯಾಗಳದ್ದು ಲೆಕ್ಕಕ್ಕಿಲ್ಲವಂತೆ.”

“ಹೌದಾ? ಹೋಗ್ಲಿ ಬಿಡಿ,” ಎಂದು ಆಯಾ ಬಕೆಟ್ ಎತ್ತಿಕೊಂಡಳು.

* * *

ಹೂವಿಟ್ಟು ತಿರುಗಿದಾಗ ಮಗಳು ಸಿಸ್ಟರ್ ಕೈ ಹಿಡಿದುಕೊಂಡಳು. “ಅಮ್ಮ ಅದೇನೋ ಪರೀಕ್ಷೆ ಬರೆದಿದ್ಲಂತಲ್ಲ. ಮೊನ್ನೆ ಕೂಡ ಕೇಳ್ತಿದ್ಲು, ನಾನು ಪಾಸಾಗಿದ್ನೋ ಏನೋ ಅಂತ.”

ಸಿಸ್ಟರ್ ಕೈಚೀಲ ತೆರೆದು ಕಾಗದ ಕೊಟ್ಟಳು.

“ಹತ್ತೊಂಬತ್ತು! ಎಲ್ಲರಿಗಿಂತ ಹೆಚ್ಚಾ?”

“ಹೂಂ. ನನಗಿಂತಲೂ. ಹೊಟ್ಟೆಕಿಚ್ಚಿಗೆ ನಾನೇ ಮುಚ್ಚಿಟ್ಟಿದ್ದೆ ಕಣಮ್ಮ.”

ಮಗಳು ಕೈ ಬಿಟ್ಟಳು. ಬೈಯಲಿಲ್ಲ. ಹಾಳೆ ತಿರುಗಿಸಿ, ತಪ್ಪಾದ ಒಂದು ಯಾವುದೆಂದು ಹುಡುಕಿ, ಅಮ್ಮನ ಕೋಳಿಕಾಲಿನ ಅಕ್ಷರವನ್ನು ಗಟ್ಟಿಯಾಗಿ ಓದಿದಳು.

“ಹಾಲಿನಂತೆ ಮಬ್ಬಾಗಿರುವ ಇನ್ಸುಲಿನ್ ಚುಚ್ಚುವ ಮುಂಚೆ ಬಾಟಲಿಯನ್ನು ಏನು ಮಾಡಬೇಕು? ಜೋರಾಗಿ ಕುಲುಕಬೇಕು. ನಮ್ಮ ಸಿಸ್ಟರ್ ಹಾಗೇ ಮಾಡ್ತಾರೆ.”

ಕೆಳಗೆ ಕೆಂಪು ಶಾಯಿಯಲ್ಲಿತ್ತು: ಕುಲುಕಬಾರದು. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು.

“ಅದು ಅವಳ ತಪ್ಪಲ್ಲ,” ಎಂದಳು ಸಿಸ್ಟರ್. ಇಪ್ಪತ್ತಕ್ಕೆ ಇಪ್ಪತ್ತೂ ಅವಳದೇ ಆಗುತ್ತಿತ್ತು.

ಸಂಜೆ ಆಶ್ರಮದಲ್ಲಿ ಇನ್ಸುಲಿನ್ ಚುಚ್ಚಿಸಿಕೊಳ್ಳಲು ಮೇಷ್ಟ್ರ ಸರದಿ ಬಂತು. ಸಿಸ್ಟರ್ ಬಾಟಲಿ ತೆಗೆದುಕೊಂಡು ರೂಢಿಯಂತೆ ಕುಲುಕಲು ಕೈ ಎತ್ತಿದಳು. ಕೈ ಅಲ್ಲೇ ನಿಂತಿತು. ಬಾಟಲಿಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡಳು.

“ಇದೇನು ಸಿಸ್ಟರ್, ಯಾರಿಗೆ ಕೈ ಮುಗೀತಿದೀರಿ?”

ಬಾಟಲಿ ಅಂಗೈಗಳ ನಡುವೆ ಮೆಲ್ಲಗೆ ಉರುಳುತ್ತಿತ್ತು.