ನಾಗಲಿಂಗಗ ಪಾಲಿಸಿ ಇಲ್ಲ

ನಮ್ಮ ಕಡೆ ‘ಸಾಕು’ ಅಂದಾವ್ರನ್ನ ಯಾರೂ ನಂಬಂಗಿಲ್ಲ ನೋಡ್ರಿ. ಉಣ್ಣಾಕ ಕುಂತಾವ್ರು ಸಾಕ್ರಿ ಅಂದ್ರ ಇನ್ನೊಂದು ರೊಟ್ಟಿ ಹಾಕಬೇಕು. ತಾಟಿನ ಮ್ಯಾಲ ಕೈ ಅಡ್ಡ ಹಿಡದ್ರ ಬೆರಳ ಸಂದ್ಯಾಗ ತುಪ್ಪ ಬಿಡಬೇಕು. ಎದ್ದು ಓಡಿಹೋದ್ರ ಮಾತ್ರ, ಪಾಪ, ಹೊಟ್ಟಿ ತುಂಬಿರಬೇಕು ಅಂತ ಬಿಡೂದು. ನಮ್ಮವ್ವ ಹಿಂಗ ಬಡಿಸಿ ಬಡಿಸಿ ಊರಾಗ ಹೆಸರು ಮಾಡಿದಾಕಿ, ಅಕಿ ಕೈಗುಣ ನನಗ ಬಂದೈತಿ. ಆದ್ರ ದೇವ್ರು ನನ್ನ ಕೈಯಾಗ ರೊಟ್ಟಿ ಬುಟ್ಟಿ ಬದ್ಲಿ ಬಾಟ್ಲಿ ಕೊಟ್ಟ.

ಹುನಗುಂದದಾಗ ಇಲಕಲ್ ರಸ್ತಾಕ್ಕ ನಮ್ಮದೊಂದು ಬಾರ್ ಐತಿ, ಅದರ ಹಿಂದ ಅಡಗಿಮನಿ. ಅಡಗಿ ನನ್ನ ಹೆಂಡ್ತಿ ಪದ್ಮವ್ವಂದು, ಬಾಟ್ಲಿ ನಂದು. ನಾ ಹೊಳಬಸಪ್ಪ. ಇಷ್ಟು ವರ್ಷ ಬಾರ್ ನಡಸೇನಿ, ಒಂದು ಹನಿ ನಾಲಿಗಿಗೆ ಹಚ್ಚಿಲ್ಲ. ನಗಬ್ಯಾಡ್ರಿ, ಖರೇನ ಹೇಳ್ತೇನಿ. ಬಳಿ ಅಂಗಡಿ ಇಟ್ಟಾಂವ ತಾನೂ ಬಳಿ ಇಟ್ಕೊಂಡು ಕುಂದರ್ತಾನೇನು?

ನಾಗಲಿಂಗ ನನ್ನ ಸಾಲಿ ಗೆಳ್ಯಾ. ಇಲಕಲ್ ಕಡೆ ಕಲ್ಲಿನ ಕ್ವಾರಿಯೊಳಗ ಮೇಸ್ತ್ರಿ, ಮನಿ ಕೂಡಲಸಂಗಮ ಕ್ರಾಸಿನ ಹತ್ರ. ಕೆಲಸಾ ಮುಗಿಸಿ ಬೈಕ್ ಮ್ಯಾಲ ಮನಿಗೆ ಹೋಗಬೇಕಂದ್ರ ನಮ್ಮ ಬಾರ್ ದಾಟೇ ಹೋಗಬೇಕು, ಅದನ್ನ ದಾಟೂದು ಅವನ ಕೈಲೆ ಆಗಂಗಿಲ್ಲ. ಕಿಡಕಿ ಕಡೀದು ಅವನ ಕುರ್ಚಿ. ಎರಡು ಕುಡದು “ಸಾಕಲೇ ಹೊಳಬಸ್ಯಾ” ಅಂತಾನ. “ಸುಮ್ನ ಕುಂದರಲೇ ನಾಗ್ಯಾ” ಅಂತ ನಾ ಮತ್ತೊಂದು ಹಾಕ್ತೇನಿ. ನನ್ನ ಬೈಕೊಂತ ಕುಡಿತಾನ. ಇದಕ್ಕ ನಾ ಗೆಳೆತನ ಅಂತ ತಿಳ್ಕೊಂಡಿದ್ದೆ.

ಹಿಂಗಿದ್ದಾಗ ಎಲ್ಲೋ ಒಬ್ಬ ಬಾರ್ ಮಾಲಕಗ ಕೋರ್ಟ್ ನೋಟಿಸ್ ಬಂತಂತ ಸುದ್ದಿ ಆತು. ಅವನಲ್ಲಿ ಕುಡದು ಹೋದಾಂವ ಒಬ್ಬ ಕುರಿ ಕಾಯಾವನ ಮ್ಯಾಲ ಗಾಡಿ ಹಾಯಿಸಿದ್ನಂತ. “ನಿಲ್ಲಾಕ ಬರಲಾರದಾವಗ ಮತ್ತ ಯಾಕ ಹಾಕಿ ಕೊಟ್ಟಿ?” ಅಂತ ಕುರಿಯಾವನ ಮನಿಯಾವ್ರು ಮಾಲಕನ ಮ್ಯಾಲೂ ಕೇಸ್ ಹಾಕಿದ್ರಂತ. ಪದ್ಮವ್ವ ಅವತ್ತ ಹಟಾ ಹಿಡದ್ಲು.

“ನೀವು ಬಡಸೂ ಪರಿ ನೋಡಿದ್ರ ನಾಳೆ ನಮ್ಮನ್ನೂ ಕೋರ್ಟಿಗೆ ಎಳಿತಾರ. ವಿಮಾ ಮಾಡಸ್ರಿ.”

ನಮ್ಮ ಟೇಲರ್ ಮೀರಾಸಾಬನ ಮಗಳು ಮುಬಶೀರಾ, ಬಾಗಲಕೋಟಿ ವಿದ್ಯಾಗಿರಿಯೊಳಗ ಕಾಲೇಜು ಕಲತು ಈಗ ವಿಮಾ ಏಜೆಂಟ್ ಆಗ್ಯಾಳ. ಅಕಿನ್ನ ಕರಸಿದ್ವಿ. ಬಾರ್ ಕಡಿಂದ ಅಕಿ ಬರಂಗಿಲ್ಲ. ಹಿತ್ತಲ ಬಾಗಲದಿಂದ ಸೀದಾ ಅಡಗಿಮನಿಗೆ ಬಂದು, ಒಲಿ ಬಾಜೂಕ ಮಣಿ ಹಾಕ್ಕೊಂಡು ಕುಂತ್ಲು. ಶೆರೆ ಮುಟ್ಟದ ಹುಡುಗಿ, ಶೆರೆ ಮುಟ್ಟದ ಮಾಲಕಗ, ಶೆರೆ ಕುಡಿಯಾವ್ರ ಸಲುವಾಗಿ ವಿಮಾ ಮಾರಾಕ ಹತ್ತಿದ್ಲು. ಪದ್ಮವ್ವ ನಕ್ಕೊಂತ ರೊಟ್ಟಿ ಹೊತ್ತಿಸಿಬಿಟ್ಲು.

“ಕಾಕಾ, ನಿಮ್ಮಲ್ಲಿ ಕುಡದಾವ್ರು ಹೊರಗ ಹೋಗಿ ಯಾರಿಗರೆ ಗಾಡಿ ಬಡಿದ್ರ, ಅವ್ರು ನಿಮ್ಮ ಮ್ಯಾಲ ಕೇಸ್ ಹಾಕಿದ್ರ, ಕಂಪನಿ ನೋಡ್ಕೊಂತೈತ್ರಿ,” ಅಂದ್ಲು. ಮುಂದ ಇನ್ನೂ ಏನೇನೋ ಹೇಳಿದ್ಲು. ನನ್ನ ಕಿವಿಗೆ ಬಿದ್ದದ್ದು ಕಂಪನಿ ನೋಡ್ಕೊಂತೈತಿ ಅನ್ನೂದಷ್ಟ. ಸಹಿ ಹಾಕಿಬಿಟ್ಟೆ.

ಪಾಲಿಸಿ ಬಂತು. ದೇವ್ರ ಫೋಟೊಕ್ಕ ಹಾಕಿಸಿದಂಗ ಕಟ್ಟು ಹಾಕಿಸಿ ಲೈಸನ್ಸ್ ಬಾಜೂಕ ತೂಗಹಾಕಿದೆ. “ಇನ್ನ ನಮಗ ಯಾರಪ್ಪನ ಭಯಾನೂ ಇಲ್ಲ, ಕುಡೀರ್ಲೇ!” ಅಂತ ಒದರಿದೆ. ನಾಗಲಿಂಗ ಎದ್ದು ನಿಂತು ಪಾಲಿಸಿಗೆ ಕೈ ಮುಗದ. “ಕಂಪನಿ ಹೊಟ್ಟಿ ತಣ್ಣಗಿರ್ಲಿ” ಅಂದ. ಅವತ್ತ ಯಾರು ಸಾಕು ಅಂದ್ರೂ ನಾ ಬಿಡಲಿಲ್ಲ.

ಅದ ವಾರದಾಗ ಮುಬಶೀರಾ ಯಾವುದೋ ಸಹಿ ಉಳದೈತಿ ಅಂತ ಹೊಳ್ಳಿ ಬಂದ್ಲು. ಪದ್ಮವ್ವ ನನ್ನ ಪರಾಕ್ರಮ ಎಲ್ಲಾ ಬಿಚ್ಚಿ ಹೇಳಿದ್ಲು. ಹುಡುಗಿ ಮಾರಿ ಸಣ್ಣದಾತು.

“ಅವತ್ತ ಹೇಳಿದ್ನೆಲ್ರಿ ಕಾಕಾ. ತೂರಾಡಾವಗ ಗೊತ್ತಿದ್ದೂ ಮತ್ತ ಹಾಕಿ ಕೊಟ್ರ ಕಂಪನಿ ಒಂದು ಪೈಸಾ ಕೊಡಂಗಿಲ್ಲ.”

“ಹಂಗೇನು? ಆತು ಬಿಡು. ಈಗ ನಮ್ಮ ನಾಗಲಿಂಗ ಇಲ್ಲಿಂದ ಹೋಗಿ ಬೈಕಿಂದ ಬಿದ್ದ ಅಂತ ತಿಳ್ಕೊ. ಅವಗೇನು ಕೊಡ್ತಾರ?”

“ಅವ್ರಿಗೆ ಇಲ್ರಿ.”

“ಇಲ್ಲಂದ್ರ?”

“ಇದು ಹೊರಗಿನಾವ್ರ ಸಲುವಾಗಿ ಐತ್ರಿ. ಅವ್ರು ಯಾರಿಗರೆ ಬಡಿದ್ರ, ಆ ಪೆಟ್ಟು ತಿಂದಾವ್ರಿಗೆ. ಕುಡದಾವ್ರಿಗೆ ಈ ಪಾಲಿಸಿಯೊಳಗ ಏನೂ ಇಲ್ಲ.”

ನನಗ ಸಿಟ್ಟು ನೆತ್ತಿಗೇರಿತು. “ಇದೆಂಥಾ ಪಾಲಿಸಿ ನಮ್ಮವ್ವಾ! ಗುರ್ತಿಲ್ಲದ ಯಾವನೋ ದಾರಿಹೋಕಗ ಐತಿ, ನನ್ನ ಗೆಳ್ಯಾಗ ಇಲ್ಲ! ಹಂಗಾರ ಅವಗ ಯಾರು?”

ಹಿಟ್ಟು ನಾದಾಕ ಹತ್ತಿದ್ದ ಪದ್ಮವ್ವ ತಲಿ ಎತ್ತಿ ನನ್ನ ಮಾರಿ ನೋಡಿದ್ಲು, ಅಷ್ಟ. ನಾ ಎದ್ದು ಹೊರಗ ಹೋದೆ. ಇಷ್ಟು ದಿನಾ ಅಂವ ಸಾಕು ಅಂದಾಗೆಲ್ಲಾ ಮತ್ತ ಹಾಕಿದಾಂವ ನಾನ.

ಮುಂದ ಸ್ವಲ್ಪ ದಿನಕ್ಕ ನಾಗಲಿಂಗನ ಮಗಳು ಹೆಣ್ಣು ಹಡದ್ಲು. “ಮೊಮ್ಮಗಳು ಹುಟ್ಯಾಳಲೇ!” ಅಂತ ಒದರಿಕೊಂತ ಹಗಲೊತ್ತಿನ್ಯಾಗ ಬಂದ, ಕುಂತಾವ್ರಿಗೆಲ್ಲಾ ಪೇಡೆ ಹಂಚಿದ. ಅವನ ಖುಷಿ ನೋಡಿ ನನಗೂ ಖುಷಿ ಆತು, ಕೇಳಿದಷ್ಟು ಕೊಟ್ಟೆ. ದೀಪಾ ಹಚ್ಚೂ ಹೊತ್ತಿಗೆ ಅಂವ ಎದ್ರ ಕುರ್ಚಿ ಹಿಡ್ಕೊಂಡು ನಿಲ್ಲಬೇಕಾತು.

“ಇನ್ನೊಂದು ಹಾಕಲೇ ಹೊಳಬಸ್ಯಾ.”

ಅವತ್ತ ಅಂವ ಒಮ್ಮೆರೆ ಸಾಕು ಅಂದಿದ್ದಿಲ್ಲ. ಸಾಕು ಅನ್ನೂದನ್ನ ಮರತಾವಗ ಖರೇನ ಸಾಕಾಗಿರ್ತೈತಿ ಅನ್ನೂದು ನನಗ ಆವಾಗ ತಿಳೀತು.

“ಇಲ್ಲ,” ಅಂದೆ.

“ಏನಂದಿ?”

“ಇಲ್ಲ ಅಂದೆ. ಇವತ್ತಿಂದು ಆತು.”

ಇಡೀ ಬಾರ್ ನನ್ನ ಕಡೆ ಹೊಳ್ಳಿ ನೋಡಿತು. ಆ ಮಾತು ನನ್ನ ಬಾಯಿಂದ ಯಾರೂ ಕೇಳಿದ್ದಿಲ್ಲ, ನಾನೂ ಕೇಳಿದ್ದಿಲ್ಲ.

“ಮೊಮ್ಮಗಳು ಹುಟ್ಟಿದ ದಿನಾ ನನಗ ಇಲ್ಲ ಅಂತೀಯೇನಲೇ? ಬೇಡಾಕ ಬಂದೇನೇನು ನಾ? ಇನ್ನ ನಿನ್ನ ಹೊಸ್ತಲಾ ತುಳದ್ರ ನಾ ನಾಗಲಿಂಗನ ಅಲ್ಲ!” ಅಂತ ಗ್ಲಾಸ್ ಡಬ್ಬ ಹಾಕಿ ಬೈಕಿನ ಕಡೆ ಹೊಂಟ.

ಬೆನ್ನ ಹತ್ತಿ ಕೀಲಿ ಕಸ್ಕೊಂಡೆ. ಎಳದು ನನ್ನ ಸ್ಕೂಟರ್ ಹಿಂದ ಕುಂದರಿಸಿದೆ. ಕುಂತಲ್ಲೇ ಜೋಲಿ ಹೊಡ್ಯಾಕ ಹತ್ತಿದ. ಪದ್ಮವ್ವ ಒಳಗಿಂದ ತನ್ನ ಹಳೇ ಇಲಕಲ್ ಸೀರಿ ತಂದು, ಕೂಸಿನ್ನ ಬೆನ್ನಿಗೆ ಕಟ್ಟಿದಂಗ ಅವನ್ನ ನನಗ ಬಿಗದು ಕಟ್ಟಿದ್ಲು. ನೋಡಾವ್ರು ನಕ್ರು. ನಗ್ಲಿ ಬಿಡ್ರಿ.

ಹೋಗೂತನಾ ನನ್ನ ಬೈದ, ನಮ್ಮಪ್ಪನ್ನ ಬೈದ, ಕಂಪನಿಗೆ ಹಿಡಿಶಾಪ ಹಾಕಿದ. ಕಡೀಕ ನನ್ನ ಬೆನ್ನಿಗೆ ಗಲ್ಲಾ ಹಚ್ಚಿ ನಿದ್ದಿ ಹೋದ. ಲಾರಿ ಬಾಜೂಕ ಹಾಯ್ದಾಗೊಮ್ಮೆ ಅವನ ತಲಿ ಜೋಲ್ತಿತ್ತು, ನಾ ಗಾಡಿ ಇನ್ನೂ ಸಾವಕಾಶ ಮಾಡ್ತಿದ್ದೆ. ಇದ ರಸ್ತಾದಾಗ ದಿನಾ ಇವನ್ನ ಒಬ್ಬನ್ನ ಕಳಸ್ತಿದ್ನೆಲ್ಲ ಅಂತ ನನಗ ನಾನ ಬೈಕೊಂಡೆ. ಅವನ ಹೆಂಡ್ತಿ ತಾಯವ್ವ ಬಾಗಲದಾಗ ನಿಂತು ಗಂಟು ಬಿಚ್ಚಿ ಅವನ್ನ ಒಳಗ ಕರ್ಕೊಂಡು ಹೋದ್ಲು. ಸೀರಿ ಅಲ್ಲೇ ಉಳೀತು.

ಅವತ್ತಿನಿಂದ ನಾಗಲಿಂಗ ಬರೂದು ಬಿಟ್ಟ. ಬೈಕ್ ಒಯ್ಯಾಕ ಅಳಿಯನ್ನ ಕಳಿಸಿದ. ಸಂಜೀಕ ಅವನ ಬೈಕಿನ ಸಪ್ಪಳ ಬರ್ತಿತ್ತು, ನಿಲ್ಲಲಾರದ ಹಾಯ್ದು ಹೋಗ್ತಿತ್ತು. ಕಿಡಕಿ ಕಡೆ ಕುರ್ಚಿಗೆ ನಾ ಯಾರನ್ನೂ ಕುಂದರಗೊಡಲಿಲ್ಲ. ಗಿರಾಕಿ ಮ್ಯಾಲ ಹರಿಹಾಯ್ದೆ, ಪಲ್ಯಾಕ್ಕ ಉಪ್ಪಿಲ್ಲ ಅಂತ ಪದ್ಮವ್ವನ ಕೂಡ ಜಗಳಾ ತಗದೆ. ಮುಬಶೀರಾಗ ಫೋನ್ ಹಚ್ಚಿ, “ದಿನಾ ಮುಂದ ಹಾಯ್ದು ಹೋಗೂ ಗೆಳ್ಯಾ ಮಾತು ಬಿಟ್ರ ಅದಕ್ಕೇನರೆ ಪಾಲಿಸಿ ಐತೇನು?” ಅಂತ ಕೇಳಿದೆ.

“ಅದಕ್ಕಿಲ್ರಿ ಕಾಕಾ. ಆದ್ರ ದಿನಾ ನಿಮ್ಮ ಮುಂದ ಆರಾಮ ಹಾಯ್ದು ಹೋಗ್ತಾರಲ್ರಿ, ಅದು ಸಾಲದೇನ್ರಿ?”

ಹುಡುಗಿ ಮಾತಿಗೆ ಕಣ್ಣಾಗ ನೀರು ಬಂದ್ವು, ಸುಳ್ಳ್ಯಾಕ ಹೇಳ್ಲಿ. ಅವತ್ತಿನಿಂದ ಆ ಸಪ್ಪಳಾ ಕೇಳೂದ ನನ್ನ ಸಂಜೀ ಕೆಲಸಾ ಆತು.

ಒಂದಿನಾ ಸಪ್ಪಳ ಬರಲಿಲ್ಲ. ಹೊತ್ತು ಮುಣಗಿತು, ಬರಲಿಲ್ಲ. ನನ್ನ ಜೀವಾನ ಹಾರಿಹೋತು. ಸ್ಕೂಟರ್ ಕೀಲಿ ತಗೊಂಡು ಬಾಗಲಕ್ಕ ಬರೂದಕ್ಕ, ಕೈಚೀಲಾ ಹಿಡ್ಕೊಂಡು ನಾಗಲಿಂಗ ಎದುರಿಗೆ ನಿಂತಿದ್ದ.

“ಬೈಕೆಲ್ಲೈತಿ?” ಅಂದೆ.

“ಮನ್ಯಾಗೈತಿ. ಬಸ್ಸಿಗೆ ಬಂದೇನಿ.”

“ಹೊಸ್ತಲಾ ತುಳಿಯಂಗಿಲ್ಲ ಅಂದಿದ್ದೆಲ್ಲಲೇ?”

“ತುಳಿಯಂಗಿಲ್ಲ,” ಅಂತ ಒಂದ ಜಿಗತಕ್ಕ ದಾಟಿ ಒಳಗ ಬಂದ.

ತನ್ನ ಕುರ್ಚಿಗೆ ಕುಂತು ಚೀಲದಾಗಿಂದ ಸೀರಿ ತಗದ. ಒಗದು ಇಸ್ತ್ರಿ ಮಾಡಿದ್ದು, ಅದರ ಮ್ಯಾಲ ಗುಳೇದಗುಡ್ಡದ ಖಣ, ಒಂದು ತೆಂಗಿನಕಾಯಿ. “ತಾಯವ್ವ ಪದ್ಮವ್ವಗ ಕಳಿಸ್ಯಾಳ. ನಿನಗೇನೂ ಇಲ್ಲ,” ಅಂದ. ನಾ ಒಂದು ಹಾಕಿದೆ, ಆಮ್ಯಾಲ ಇನ್ನೊಂದು. ಕುಡದು ಗ್ವಾಡಿ ಮ್ಯಾಲಿನ ಪಾಲಿಸಿ ನೋಡಿದ.

“ಹೊಳಬಸ್ಯಾ, ಅದರಾಗ ನಾ ಇಲ್ಲಂತ ವೈನಿ ತಾಯವ್ವಗ ಹೇಳಿದ್ರಂತ. ಖರೇನು?”

“ಖರೆ. ನೀ ಇಲ್ಲ.”

“ಹಂಗಾರ ಅವತ್ತ ನಾ ಬಿದ್ದು ಸತ್ರೂ ಕಂಪನಿ ಕೇಳ್ತಿದ್ದಿಲ್ಲ. ಮತ್ತ ನನ್ನ ಯಾಕ ಕಟ್ಕೊಂಡು ಒಯ್ದಿ?”

“ನೀ ಅದರಾಗ ಇಲ್ಲಲೇ, ಅದಕ್ಕ.”

ಅಂವ ಖಾಲಿ ಗ್ಲಾಸ್ ಮೇಜಿನ ಮ್ಯಾಲ ಇಟ್ಟ. ಕೈ ತನ್ನ ರೂಢಿ ಬಿಡಂಗಿಲ್ಲ ನೋಡ್ರಿ, ನನಗ ಗೊತ್ತಾಗೂದ್ರಾಗ ಬಾಟ್ಲಿ ಮತ್ತ ಬಗ್ಗಿತ್ತು. ನಾಗಲಿಂಗ ಗ್ಲಾಸಿನ ಮ್ಯಾಲ ಅಂಗೈ ಇಟ್ಟ.

“ಸಾಕು.”

ನಿಲ್ಲಿಸಿದೆ. ನಮ್ಮ ವಂಶದಾಗ ಸಾಕು ಅಂದಿದ್ದಕ್ಕ ಕೈ ನಿಂತಿದ್ದು ಅದ ಮೊದಲು. ಬಾಟ್ಲಿ ಮುಚ್ಚಿಟ್ಟೆ. ಅಂವ ನಂಬಿಕಿ ಇಲ್ಲದಾವ್ರಂಗ ಅಂಗೈ ಹಂಗ ಇಟ್ಕೊಂಡು ಕುಂತಿದ್ದ. “ತಗೀಲೇ ಕೈ, ಹಾಕಂಗಿಲ್ಲ,” ಅಂದೆ. ಇಬ್ಬರೂ ನಕ್ವಿ.

ಪದ್ಮವ್ವ ಬಿಸಿ ರೊಟ್ಟಿ, ಎಣಗಾಯಿ ತಂದಿಟ್ಲು. ಉಂಡು “ಸಾಕ್ರಿ ವೈನಿ” ಅಂದ. ಅಕಿ ಇನ್ನೊಂದು ರೊಟ್ಟಿ ಹಾಕಿದ್ಲು. ತಾಟಿನ ಮ್ಯಾಲ ಕೈ ಅಡ್ಡ ಹಿಡದ್ರ ಕೈ ಸರಿಸಿ ಮತ್ತೊಂದು ಹಾಕಿದ್ಲು.

“ಮನಿಗೆ ಹೆಂಗ ಹೋಗ್ತೀಲೇ?” ಅಂದೆ.

“ಬಸ್ ಐತಿ. ಬಸ್ ತಪ್ಪಿದ್ರ ವೈನಿ ಸೀರಿ ಐತಿ.”

ಪದ್ಮವ್ವ ಆ ಸೀರಿ ಒಳಗ ಒಯ್ಯಲಿಲ್ಲ. ಪಾಲಿಸಿ ಕೆಳಗ ಒಂದು ಗೂಟ ಇತ್ತು, ಅದಕ್ಕ ಹಾಕಿದ್ಲು.