ನೆಲಕ್ಕೆ ಬೀಳದ ಆಯಿಲ್

ಭಾವನ ಟ್ಯಾಕ್ಸಿಯಲ್ಲಿ ಇಂಜಿನ್ ಆಯಿಲ್ ಕಡಿಮೆಯಾಗುತ್ತಲೇ ಇತ್ತು. ಕಾರು ನಿಂತ ಜಾಗದಲ್ಲಿ ಮಾತ್ರ ಒಂದು ಹನಿಯೂ ಕಾಣುತ್ತಿರಲಿಲ್ಲ. ಹಾಕಲೆಂದು ಕೊಟ್ಟ ಆಯಿಲನ್ನು, ಕಾರು ಓಡಿಸುವ ಬಾಮೈದನೇ ಮಾರಿಕೊಳ್ಳುತ್ತಿದ್ದಾನೆ ಎಂದು ಭಾವ ಮನೆಯಲ್ಲಿ ಆಡಿಬಿಟ್ಟ. ಅಂದಿನಿಂದ ಅಕ್ಕ ತಮ್ಮನ ಮುಖ ನೋಡಿ ಮಾತಾಡಿರಲಿಲ್ಲ.

ಈಗ ಕಾರು ಮುಗ್ಗರಿಸತೊಡಗಿದ್ದರಿಂದ ಭಾವ, ಬಾಮೈದ ಇಬ್ಬರೂ ಗ್ಯಾರೇಜಿಗೆ ಬಂದಿದ್ದರು. ಮೆಕ್ಯಾನಿಕ್ ಸ್ಪಾರ್ಕ್ ಪ್ಲಗ್ಗಿನ ಮೇಲೆ ಕೂತು ಅದಕ್ಕೆ ಕರೆಂಟ್ ಕೊಡುವ ಕಾಯಿಲನ್ನು ಎಳೆದಾಗ ಅದರ ತುದಿಯಿಂದ ಆಯಿಲ್ ತೊಟ್ಟಿಕ್ಕಿತು.

"ನೋಡಿ ಸ್ವಾಮಿ, ಪ್ಲಗ್ ಕೂತಿರೋ ಗುಂಡಿ ಕೆರೆ ತುಂಬಿದ ಹಾಗೆ ತುಂಬಿದೆ. ಒಳಗಿನ ರಬ್ಬರ್ ಸೀಲ್ ಹೋಗಿದೆ. ನೆಲಕ್ಕೆ ಹೇಗೆ ಬೀಳತ್ತೆ?"

"ನಾಲ್ಕು ಪ್ಲಗ್ಗಿನ ಗುಂಡೀಲೂ ಇದೆಯಾ?" ಎಂದ ಭಾವ.

ಮೆಕ್ಯಾನಿಕ್ ಉಳಿದ ಮೂರು ಕಾಯಿಲನ್ನೂ ಎಳೆದು ನೋಡಿದ. "ನಾಲ್ಕರಲ್ಲೂ. ಮೊದಲು ಇದನ್ನ ಹೀರಿ ತೆಗೀಬೇಕು. ಹಾಗೇ ಪ್ಲಗ್ ಬಿಚ್ಚಿದ್ರೆ ಎಲ್ಲಾ ಇಂಜಿನ್ನೊಳಗೆ ಇಳಿಯತ್ತೆ."

ಭಾವ ಕಾಯಿಲನ್ನು ಮುಟ್ಟಿದ. ಬೆರಳು ಒರೆಸಿಕೊಳ್ಳಲೂ ತೋಚದೆ ನಿಂತ. "ತಪ್ಪಾಯ್ತು ಕಣೋ."

"ನನ್ನ ಹತ್ರ ಬೇಡ ಭಾವ. ಅಕ್ಕನಿಗೆ ಹೇಳಿ."

ಭಾವ ಅಲ್ಲೇ ಫೋನ್ ಮಾಡಿದ. "ಲೇ, ಆಯಿಲ್ ಸಿಕ್ತು ಕಣೇ. ಇಂಜಿನ್ನಲ್ಲೇ ಇತ್ತು. ನಿನ್ನ ತಮ್ಮ..." ಎನ್ನುತ್ತಲೇ ಫೋನನ್ನು ಬಾಮೈದನ ಕೈಗಿತ್ತ.

ಆ ಕಡೆ ಅಕ್ಕ ಅಳುತ್ತಿದ್ದಳು.

"ಊಟ ಆಯ್ತೇನಕ್ಕಾ?" ಎಂದ ತಮ್ಮ.