ಮೊದಲೇ ಬರೆದಿಟ್ಟ ನಡಾವಳಿ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯುತ್ತಿಲ್ಲ. ನಡಾವಳಿಯಾಗಿದ್ದರೆ ತಿಳಿಯುತ್ತಿತ್ತು: 'ಅಧ್ಯಾಪಕ ಮಂಡಳಿಯ ಸಭೆಯು ಮಧ್ಯಾಹ್ನ ಎರಡು ಗಂಟೆಗೆ ಪ್ರಾರಂಭವಾಯಿತು.' ಹನ್ನೊಂದು ವರ್ಷಗಳಿಂದ ಇದೇ ವಾಕ್ಯ ಬರೆಯುತ್ತಿದ್ದೇನೆ. ಸಭೆ ಒಮ್ಮೆಯೂ ಎರಡಕ್ಕೆ ಪ್ರಾರಂಭವಾಗಿಲ್ಲ.

ಈಗ ಎರಡೂ ಇಪ್ಪತ್ತು. ಕೋರಂಗೆ ಹದಿನೈದು ಮಂದಿ ಬೇಕು, ಹನ್ನೊಂದು ಮಂದಿ ಬಂದಿದ್ದಾರೆ. ಉಳಿದ ನಾಲ್ವರು ಬರುವವರೆಗೆ, ಓದುಗರೇ, ನನಗೆ ಸಮಯವಿದೆ. ಮೂಲೆಯ ಮೇಜಿನಲ್ಲಿ ನಾನು ಟೈಪ್ ಮಾಡುತ್ತಿರುವುದು ನಡಾವಳಿಯನ್ನೇ ಎಂದು ಎಲ್ಲರೂ ಅಂದುಕೊಂಡಿದ್ದಾರೆ.

(ನಡಾವಳಿ ನಿನ್ನೆಯೇ ಮುಗಿದಿದೆ. ಸಭೆಗೆ ಮೊದಲೇ ಬರೆದಿಡುವುದು ಇಲ್ಲಿನ ರೂಢಿ. ಯಾವುದು ಒಪ್ಪಿಗೆ, ಯಾವುದು ತಿರಸ್ಕಾರ ಎಂಬುದು ಉಪಸಮಿತಿಯಲ್ಲೇ ತೀರ್ಮಾನವಾಗಿರುತ್ತದೆ. ಸಭೆಯಲ್ಲಿ ಯಾರಾದರೂ ಹೊಸ ಮಾತು ಆಡಿದರೆ ಮಾತ್ರ ಆಮೇಲೆ ಸೇರಿಸಬೇಕು. ಆಡುವುದು ಅಪರೂಪ.)

೨

ಮೊದಲ ಕರಡು: 'ಇಲೋಯಿಲೋ ನದಿಯ ಮೇಲೆ ಸೂರ್ಯ ಇಳಿಯುತ್ತಿದ್ದಂತೆ ರೊಸೆಂಡಾ ಕಣ್ಣೀರು ಒರೆಸಿಕೊಂಡಳು.'

ಹೊಡೆದುಹಾಕಿದೆ.

"ನಾನ್ಯಾವಾಗ ಅತ್ತೆ? ಅದೂ ನದಿ ಹತ್ರ ಹೋಗಿ?" ಎಂದು ರೊಸೆಂಡಾ ಪಲ್ಮಾರೆಸ್ ಕಂಪ್ಯೂಟರ್ ಪರದೆಯೊಳಗಿಂದ ಕೇಳುತ್ತಾರೆ.

ನಿಜವಾದ ರೊಸೆಂಡಾ ಹೊರಗೆ ಮೊಗಸಾಲೆಯ ಬೆಂಚಿನಲ್ಲಿ ಕೂತಿದ್ದಾರೆ. ವಯಸ್ಸು ಐವತ್ಮೂರು. ಹಗಲೆಲ್ಲ ಜೀಪ್ನಿ ನಿಲ್ದಾಣದಲ್ಲಿ ಊರಿನ ಹೆಸರು ಕೂಗಿ ಜನರನ್ನು ಹತ್ತಿಸುತ್ತಾರೆ, ಸಂಜೆ ಒಡೆದ ಗಂಟಲಿನಲ್ಲಿ ಕ್ಲಾಸಿಗೆ ಬರುತ್ತಾರೆ. ಒಂಬತ್ತು ವರ್ಷ ಹೀಗೇ ಬಂದಿದ್ದಾರೆ. ಇವತ್ತಿನ ಅಜೆಂಡಾದ ಏಳನೇ ವಿಷಯ ಅವರದು.

ಎರಡೂ ಐದಕ್ಕೆ ಒಳಗೆ ಬರುವಾಗ ಅವರು ನನ್ನನ್ನು ತಡೆದರು.

"ತೋತೋ, ಇನ್ನೂ ಶುರು ಆಗಿಲ್ವಾ?" ನನಗೆ ನಲವತ್ತು ತುಂಬಿದರೂ ಅವರಿಗೆ ನಾನು ತೋತೋನೇ, ತಮ್ಮನೇ; ನನಗೆ ಅವರು ಮನಾಂಗ್, ಅಕ್ಕ.

"ಜನ ಬರ್ಬೇಕು, ಮನಾಂಗ್."

"ಗೊತ್ತು ಬಿಡು. ನಮ್ಮ ಜೀಪ್ನಿ ಥರಾನೇ. ಸೀಟು ತುಂಬದೆ ಹೊರಡಲ್ಲ." ನಕ್ಕರು. ಆಮೇಲೆ ದನಿ ಇಳಿಸಿದರು. "ಕ್ರಿಸ್ಪುಲೊ ಸರ್ ಅವತ್ತು ಹೇಳಿದ್ದನ್ನ ನೀನು ಬರ್ಕೊಂಡಿರ್ತೀಯಲ್ಲ. ಹುಡುಕಿ ತೋರಿಸು, ಅಷ್ಟು ಸಾಕು."

ನಾನು ತಲೆಯಾಡಿಸಿದೆ. ಯಾವ ಅರ್ಥದಲ್ಲಿ ಎಂದು ಕೇಳಬೇಡಿ.

೩

(ಇದು ನಾನು ಬರೆಯಲು ಹೆದರುತ್ತಿದ್ದ ಭಾಗ. ಮೂರು ಸಲ ಅಳಿಸಿದ್ದೇನೆ.)

ಐದು ವರ್ಷದ ಹಿಂದೆ ಮಂಡಳಿ ಪದವಿಯ ಪಠ್ಯಕ್ರಮ ಬದಲಿಸಿತು. ಹಳೆಯ ಪಠ್ಯಕ್ರಮದವರು ಮೂರು ವರ್ಷದೊಳಗೆ ಮುಗಿಸಬೇಕು, ಇಲ್ಲವಾದರೆ ಹೊಸದಕ್ಕೆ ಸೇರಬೇಕು. ನಾನು ಹಿಂದಿನ ದಿನವೇ ಹಾಗೆ ಬರೆದಿಟ್ಟಿದ್ದೆ. ಆದರೆ ಕ್ರಿಸ್ಪುಲೊ ಸರ್ ಎದ್ದು ನಿಂತರು. ಸಾಹಿತ್ಯದ ಹಿರಿಯ ಮೇಷ್ಟ್ರು, ಈಗ ಇಲ್ಲ.

"ಹಗಲು ಹುಡುಗ್ರು ಐದು ವಿಷಯ ತಗೊಳ್ಳೋ ಹೊತ್ತಲ್ಲಿ ಸಂಜೆಯವರು ಎರಡು ತಗೋತಾರೆ. ಅವರಿಗೆ ಆರು ವರ್ಷ ಕೊಡಿ."

ಯಾರೂ ಬೇಡವೆನ್ನಲಿಲ್ಲ. ಇಲ್ಲಿ ಮೌನವೇ ಒಪ್ಪಿಗೆ. ಸರ್ ಅವತ್ತೇ ಸಂಜೆ ತರಗತಿಗೆ ಹೋಗಿ ಆ ಮಾತು ತಿಳಿಸಿದರು.

ನಾನು ಆ ಸಾಲನ್ನು ಸೇರಿಸಬೇಕಿತ್ತು. ಸೇರಿಸಲಿಲ್ಲ. ಅವತ್ತು ಐದೂವರೆಗೆ ನನ್ನದೇ ಪರೀಕ್ಷೆ ಇತ್ತು. ನಾನೂ ಸಂಜೆಯ ವಿದ್ಯಾರ್ಥಿ, ರೊಸೆಂಡಾ ಅವರ ಪಕ್ಕದ ಬೆಂಚಿನವನು. ನಾಳೆ ಸೇರಿಸಿದರಾಯಿತು ಎಂದು ಓಡಿದೆ. ಮುಂದಿನ ಸಭೆಯಲ್ಲಿ ನಡಾವಳಿಯನ್ನು ಯಾರೂ ಓದದೆ ಅಂಗೀಕರಿಸಿದರು. ನಾನು ಪಾಸಾದೆ.

ರೊಸೆಂಡಾ ಹಳೆಯ ಪಠ್ಯಕ್ರಮವನ್ನು ಮೊನ್ನೆ, ಆ ಬದಲಾವಣೆಯಾದ ಐದನೆಯ ವರ್ಷದಲ್ಲಿ, ಮುಗಿಸಿದರು. ಪದವಿ ಪಟ್ಟಿ ತಯಾರಿಸುವಾಗ ಉಪಸಮಿತಿ ಕಡತ ತೆಗೆಯಿತು. ಕಡತದಲ್ಲಿ ಮೂರೇ ವರ್ಷ. ಇನ್ನು ಅವರು ಹನ್ನೊಂದು ಹೊಸ ವಿಷಯ ಓದಬೇಕು.

೪

ಹದಿಮೂರು ಮಂದಿ ಆದರು.

"ಪಾನ್ಸಿತ್ ಶಾವಿಗೆ ಬರ್ಲಿ ಮ್ಯಾಡಂ, ಕೋರಂ ಅದರ ಹಿಂದೇನೇ ಬರುತ್ತೆ," ಎಂದರು ಗಣಿತದ ವೆನ್ಸೆಸ್ಲಾವೊ ಸರ್.

"ನೀವು ತಟ್ಟೆ ಖಾಲಿ ಮಾಡಿ ಎದ್ದು ಹೋಗ್ಬೇಡಿ ಅಷ್ಟೆ. ಹೋದ್ಸಲ ಐದನೇ ವಿಷಯಕ್ಕೇ ನಿಮ್ಮ ಕುರ್ಚಿ ಖಾಲಿ," ಎಂದರು ಡೀನ್ ಲೂರ್ದೆಸ್ ಮ್ಯಾಡಂ. ಆರು ತಿಂಗಳಿಗೊಮ್ಮೆ ನನ್ನ ಗುತ್ತಿಗೆ ಕಾಗದಕ್ಕೆ ಸಹಿ ಹಾಕುವವರು ಇವರು. ಒಂದು ನಡಾವಳಿ ತಪ್ಪೆಂದರೆ ಹನ್ನೊಂದು ವರ್ಷದ ನಡಾವಳಿಗಳನ್ನು ಯಾರು ನಂಬುತ್ತಾರೆ?

ಮುಕ್ತಾಯ, ಒಂದನೆಯದು: ನಾನು ಸುಮ್ಮನಿರುತ್ತೇನೆ. ಏಳನೇ ವಿಷಯ ತಿರಸ್ಕೃತವಾಗುತ್ತದೆ. ನಾಳೆ ಬೆಳಿಗ್ಗೆ ರೊಸೆಂಡಾ ಮತ್ತೆ ಊರಿನ ಹೆಸರು ಕೂಗುತ್ತಾರೆ. ಇದನ್ನು ಬರೆಯುವುದು ಸುಲಭ. ನಿನ್ನೆಯೇ ಬರೆದಾಗಿದೆ.

ಮುಕ್ತಾಯ, ಎರಡನೆಯದು: ಇವತ್ತು ಸಂಜೆ ಹಳೆಯ ಕಡತಕ್ಕೆ ಆ ಸಾಲನ್ನು ಸದ್ದಿಲ್ಲದೆ ಸೇರಿಸುತ್ತೇನೆ. ಯಾರಿಗೆ ತಿಳಿಯುತ್ತದೆ?

"ನಂಗೆ ತಿಳಿಯುತ್ತೆ," ಎನ್ನುತ್ತಾರೆ ಪರದೆಯ ರೊಸೆಂಡಾ. "ಸರ್ ಎದ್ದು ನಿಂತು ಕೊಡಿಸಿದ್ದನ್ನ ನೀನು ಕದ್ದು ಕೊಡ್ತೀಯಾ? ಬೇಡ ಕಣೋ."

"ನಾನು ಸದಸ್ಯ ಅಲ್ಲ, ಮನಾಂಗ್. ನಂಗೆ ಮಾತಾಡೋ ಅಧಿಕಾರ ಇಲ್ಲ."

"ಬರೆಯೋ ಅಧಿಕಾರ ಇತ್ತಲ್ಲ."

(ಈ ಮಾತನ್ನು ನಾನೇ ಅವರ ಬಾಯಲ್ಲಿ ಇಟ್ಟಿದ್ದೇನೆ. ಹೊರಗಿನ ರೊಸೆಂಡಾ ಇಷ್ಟು ಕಟುವಾಗಿ ಮಾತಾಡುವವರಲ್ಲ. ಅವರು ನನ್ನನ್ನು ಇನ್ನೂ ನಂಬಿದ್ದಾರೆ, ಕಷ್ಟವಾಗಿರುವುದೇ ಅದು.)

೫

ಪಾನ್ಸಿತ್ ಬಂತು. ಅದರ ಹಿಂದೆಯೇ ಇಬ್ಬರು ಬಂದರು. ಹದಿನೈದು.

ಬಾಗಿಲು ಮುಚ್ಚುವ ಮುನ್ನ ಬೆಂಚು ಕಾಣಿಸಿತು. ರೊಸೆಂಡಾ ಎದ್ದು ನಿಂತಿದ್ದಾರೆ, ಕೈಯಲ್ಲಿ ಅರ್ಜಿಯ ಪ್ರತಿ.

ಡೀನ್ ಮ್ಯಾಡಂ ಕನ್ನಡಕ ಏರಿಸಿದರು. "ಹಿಂದಿನ ನಡಾವಳಿಗೆ ಏನಾದ್ರೂ ತಿದ್ದುಪಡಿ ಇದೆಯಾ?"

ಈ ಪ್ರಶ್ನೆಗೂ 'ಇಲ್ಲ, ಅಂಗೀಕರಿಸಲಾಗಿದೆ' ಎಂಬ ಅವರದೇ ಉತ್ತರಕ್ಕೂ ನಡುವೆ ಎರಡು ಉಸಿರಿನಷ್ಟು ಅಂತರ. ಹನ್ನೊಂದು ವರ್ಷ ಎಣಿಸಿದ್ದೇನೆ. ಅವರು ಕೇಳುತ್ತಿರುವುದು ಹೋದ ತಿಂಗಳ ನಡಾವಳಿಯ ಬಗ್ಗೆ, ನನ್ನದು ಐದು ವರ್ಷ ಹಳೆಯದು. ಆದರೆ ಕೈ ಎತ್ತಿ ಹೇಳಲು ಇದರ ಹೊರತು ಬೇರೆ ಜಾಗವಿಲ್ಲ.

ಮೂರನೆಯ ಮುಕ್ತಾಯವನ್ನು ನಾನು ಬರೆಯುವುದಿಲ್ಲ, ಓದುಗರೇ. ನಡೆಯುವ ಮೊದಲೇ ಬರೆದಿಟ್ಟದ್ದರ ಫಲ ಹೊರಗೆ ನಿಂತಿದೆ.

ಮೊದಲ ಉಸಿರು ಮುಗಿಯಿತು. ವೆನ್ಸೆಸ್ಲಾವೊ ಸರ್ ತಟ್ಟೆಯಿಂದ ತಲೆ ಎತ್ತಿ ನನ್ನ ಕಡೆ ನೋಡುತ್ತಿದ್ದಾರೆ. ಡೀನ್ ಮ್ಯಾಡಂ ಕೂಡ. ಟೈಪಿಂಗ್ ನಿಧಾನವಾಗಿದೆ, ಅಕ್ಷರ ತಪ್ಪಿದ್ದರೆ ಕ್ಷಮಿಸಿ. ಈ ಸಾಲನ್ನು ಎಡಗೈ ಒಂದರಿಂದಲೇ ಬರೆಯುತ್ತಿದ್ದೇನೆ.